ಸೂಲಾ ಮಾರಾಟಕ್ಕಿದೆ

ಹಲಗೆಗಳ ಸಂದಿಯಲ್ಲಿ ಕಚ್ಚಿಕೊಂಡ ಮೀನಿನ ಹುರುಪೆ ಬ್ರಷ್ಷಿಗೆ ಬಗ್ಗುತ್ತಿರಲಿಲ್ಲ. ಮಾಲನ್ ದೋಣಿಯ ತಳದಲ್ಲಿ ಮಂಡಿಯೂರಿ, ಉಗುರಿನಿಂದ ಒಂದೊಂದನ್ನೇ ಎಬ್ಬಿಸಿ, ಬಕೆಟ್ಟಿನಿಂದ ಬಿಸಿನೀರು ಸುರಿದು ಮತ್ತೆ ಉಜ್ಜಿದಳು. ಶವದ ಪೆಟ್ಟಿಗೆ ಇಡುವಷ್ಟು ಜಾಗ ಚೊಕ್ಕಟವಾದರೆ ಸಾಕಿತ್ತು. ಆದರೆ ಶುರು ಮಾಡಿದ ಮೇಲೆ ಮುಂದಿನ ತುದಿಯಿಂದ ಚುಕ್ಕಾಣಿಯವರೆಗೂ ತೊಳೆಯದೆ ಅವಳಿಗೆ ಬಿಡಲಾಗಲಿಲ್ಲ.

ದೋಣಿಮನೆಯ ಬಾಗಿಲಲ್ಲಿ ಮಗಳು ಬಿರ್ಟಾ ಬಂದು ನಿಂತಳು. ಡೆನ್ಮಾರ್ಕಿನಿಂದ ನಿನ್ನೆಯ ಹಡಗಿಗೆ ಬಂದಿದ್ದಳು. ಕಣ್ಣು ಇನ್ನೂ ಊದಿಕೊಂಡಿತ್ತು.

"ಅಮ್ಮಾ, ಇದನ್ನ ನೀನೇ ಮಾಡ್ಬೇಕಾ? ಚಿಕ್ಕಪ್ಪ ಮಾಡ್ತಿದ್ರಲ್ಲ."

"ನಿಮ್ಮಪ್ಪನ್ನ ಮೀನಿನ ಹುರುಪೆ ಮೇಲೆ ಮಲಗಿಸ್ಲಾ?"

"ಅಪ್ಪಂಗೆ ಅದೇ ಹಿತವಾಗ್ತಿತ್ತೇನೋ."

ಇಬ್ಬರಿಗೂ ನಗು ಬಂತು. ಬಿರ್ಟಾ ಬಕೆಟ್ ಎತ್ತಿ ಕೊಳೆನೀರನ್ನು ಕಲ್ಲಿನ ಮೇಲೆ ಚೆಲ್ಲಿದಳು.

"ಹಿಂದೆ ದೋಣಿ ನೋಡೋಕೆ ಬಂದಿದ್ರಲ್ಲ, ಪೇಟೆಯ ಐಲಿಫ್, ಅವರು ಇವತ್ತು ಚರ್ಚಿಗೆ ಬರ್ತಾರಂತೆ. ಇನ್ನೊಂದು ಸಲ ಕೇಳಿ ನೋಡು. ದೋಣಿ ಒಂದು ಹೋದ್ರೆ ನೀನು ನನ್ನ ಜೊತೆನೇ ಹೊರಟುಬಿಡಬಹುದು. ಮನೆ ಹೇಗೂ ಯಾರೂ ತಗೊಳ್ಳಲ್ಲ, ಬೀಗ ಹಾಕಿದ್ರಾಯ್ತು."

"ನೋಡೋಣ."

"ನೋಡೋಣ ಅಂತ ಅಪ್ಪನ ಹಾಗೆ ಹೇಳ್ಬೇಡ."

ಮಾಲನ್ ಬ್ರಷ್ಷನ್ನು ನೀರಿಗೆ ಅದ್ದಿದಳು. ಮಗಳು ಹೇಳುವುದರಲ್ಲಿ ತಪ್ಪೇನಿರಲಿಲ್ಲ. ಇಳಿಜಾರಿನ ಅರ್ಧದಷ್ಟು ಮನೆಗಳ ಜನ ಪರದೆ ಎಳೆದು ಊರು ಬಿಟ್ಟು ಹೋಗಿದ್ದರು. ಬ್ಯಾಂಕುಗಳು ಮುಳುಗಿದವು, ದೊಡ್ಡ ಹಡಗುಗಳನ್ನು ಹರಾಜು ಹಾಕಿದರು, ಕಡೆಗೆ ಕಡಲಲ್ಲಿ ಮೀನೂ ಕಡಿಮೆಯಾಯಿತು. ಈ ದ್ವೀಪಗಳಲ್ಲಿ ಇನ್ನೂ ಬೆಲೆ ಉಳಿದಿದ್ದುದು ಒಳ್ಳೆಯ ಮರದ ದೋಣಿಗೆ ಮಾತ್ರ. ಸೂಲಾ ಒಳ್ಳೆಯ ದೋಣಿ ಎಂದು ಎಲ್ಲರೂ ಹೇಳುತ್ತಿದ್ದರು. ಆದರೂ ಅದು ಮಾರಾಟವಾಗಿರಲಿಲ್ಲ.

*

ಮೀನು ಕೊಯ್ಯುವ ಕಾರ್ಖಾನೆ ಮುಚ್ಚಿದ ದಿನ ಮಾಲನ್ ತನ್ನ ಏಪ್ರನ್ ಮತ್ತು ಚಾಕುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಿದ್ದಳು. ಗಂಡ ಸೋಫುಸ್ ಅಡುಗೆಮನೆಯ ಮೇಜಿನ ಬಳಿ ಗಾಳಕ್ಕೆ ಕೊಕ್ಕೆ ಕಟ್ಟುತ್ತಿದ್ದ.

"ಸೂಲಾನ ಮಾರಿಬಿಡೋಣ. ಬಿರ್ಟಾ ಹತ್ರ ಹೋಗೋಣ. ನಂಗಲ್ಲಿ ಆಸ್ಪತ್ರೆ ಅಡುಗೆಮನೇಲಿ ಕೆಲಸ ಸಿಗುತ್ತಂತೆ," ಎಂದಳು.

ಅವನು ಹಿಡಿದಿದ್ದ ಗಂಟನ್ನು ಬಿಗಿದು, ಹಲ್ಲಿನಿಂದ ದಾರ ಕತ್ತರಿಸಿದ. "ಆಯ್ತು," ಎಂದ.

ಅವನು ಹಾಗೆಯೇ. ಮದುವೆಯಾದಾಗಿನಿಂದ ಅವಳ ಮಾತಿಗೆ ಇಲ್ಲ ಎಂದವನಲ್ಲ, ಎದುರಾಡಿದವನಲ್ಲ. ಸುಳ್ಳಂತೂ ಅವನ ಬಾಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ನೆರೆಯವಳ ಹೊಸ ಟೋಪಿ ಹೇಗಿದೆ ಎಂದು ಕೇಳಿದರೆ ಹವಾಮಾನದ ಮಾತೆತ್ತುತ್ತಿದ್ದ. ಮಾರನೆಯ ದಿನವೇ ಅಂಗಡಿಯ ಗೋಡೆಗೆ ತನ್ನ ಕೈಬರಹದ ಚೀಟಿ ಅಂಟಿಸಿ ಬಂದ: ಸೂಲಾ ಮಾರಾಟಕ್ಕಿದೆ.

ಜನ ಬಂದರು. ಪೇಟೆಯಿಂದ ಬಂದರು, ದಕ್ಷಿಣದ ದ್ವೀಪದಿಂದ ಬಂದರು. ಪ್ರತಿಯೊಬ್ಬರಿಗೂ ಸೋಫುಸ್ ಫೋನಿನಲ್ಲಿ ಯಾವ ದಿನ ಬರಬೇಕೆಂದು ತಾನೇ ಹೇಳುತ್ತಿದ್ದ. "ಅಷ್ಟು ದೂರದಿಂದ ಬರ್ತಾರೆ, ಊಟ ಹಾಕದೆ ದೋಣಿ ತೋರಿಸೋದು ಚೆನ್ನಾಗಿರಲ್ಲ," ಎಂದು ಅವಳಿಗೆ ಹೇಳುತ್ತಿದ್ದ. ಅವಳು ಸಂತೋಷದಿಂದಲೇ ಮಾಡುತ್ತಿದ್ದಳು. ಗಾಳಿಗೆ ಒಣಗಿಸಿದ ಕುರಿಮಾಂಸದ ತೆಳ್ಳನೆಯ ಹೋಳುಗಳು, ತಿಮಿಂಗಿಲದ ಕೊಬ್ಬು, ಬೇಯಿಸಿದ ಆಲೂಗಡ್ಡೆ, ಬೆಣ್ಣೆ, ರೂಬಾರ್ಬ್ ಕೇಕು. ಹೊಟ್ಟೆ ತುಂಬಿದವನು ಚೌಕಾಸಿ ಮಾಡುವುದಿಲ್ಲವೆಂದು ಅವಳ ಲೆಕ್ಕ. ಸೋಫುಸ್ ಮಾತ್ರ ಬರೀ ಕಾಫಿ ಕುಡಿಯುತ್ತಿದ್ದ.

ಆಮೇಲೆ ಬಂದವನೂ ಸೋಫುಸ್‌ನೂ ದೋಣಿ ಇಳಿಸಿಕೊಂಡು ಹೋಗುತ್ತಿದ್ದರು. ಕರಿಕೋಡಿನ ಬಂಡೆ ದಾಟಿದ ಮೇಲೆ ಅಡುಗೆಮನೆಯ ಕಿಟಕಿಗೆ ದೋಣಿ ಕಾಣುತ್ತಿರಲಿಲ್ಲ. ಮರಳಿ ಬರುವಾಗ ಬಂದವನ ಮುಖ ಹಿಟ್ಟು ಬಳಿದ ಹಾಗಿರುತ್ತಿತ್ತು. ಕಾಫಿಗೂ ನಿಲ್ಲದೆ, "ಯೋಚನೆ ಮಾಡಿ ಹೇಳ್ತೀನಿ," ಎಂದು ಹೊರಟುಹೋಗುತ್ತಿದ್ದ.

"ಯಾಕಂತೆ?" ಎಂದು ಮಾಲನ್ ಕೇಳುತ್ತಿದ್ದಳು.

"ಕಾಲ ಚೆನ್ನಾಗಿಲ್ಲ," ಎನ್ನುತ್ತಿದ್ದ ಸೋಫುಸ್. ಅದೂ ಸುಳ್ಳಲ್ಲ.

*

ಊರಿನಲ್ಲಿ ಚರ್ಚಿಲ್ಲ. ಸತ್ತವರು ನೀರು ದಾಟಿಯೇ ಆಚೆ ದಡದ ಮಣ್ಣಿಗೆ ಹೋಗಬೇಕು. ಎಂಜಿನ್ ಇದ್ದರೂ ಆ ದಿನ ಅದನ್ನು ಮುಟ್ಟುವುದಿಲ್ಲ, ಹುಟ್ಟು ಹಾಕಿಯೇ ಹೋಗುತ್ತಾರೆ. ಗಂಡಸರು ಪೆಟ್ಟಿಗೆಯನ್ನು ಸೂಲಾದ ನಡುವೆ ಇಳಿಸಿ, ಅಕ್ಕಪಕ್ಕ ಹಗ್ಗ ಬಿಗಿದರು. ಸೋಫುಸ್‌ನ ತಮ್ಮ ನಿಕ್ಲಾಸ್ ಚುಕ್ಕಾಣಿಗೆ ಕೂತ.

"ಅತ್ತಿಗೆ, ನೀವು ಬಿರ್ಟಾ ಜೊತೆ ಹಿಂದಿನ ದೊಡ್ಡ ದೋಣೀಲಿ ಬನ್ನಿ. ಇಲ್ಲಿ ಒದ್ದೆ ಆಗ್ತೀರಿ."

"ಆಗ್ಲಿ," ಎಂದು ಮಾಲನ್ ಕಪ್ಪು ಕೋಟಿನ ಅಂಚು ಎತ್ತಿಕೊಂಡು ಒಳಗೆ ಕಾಲಿಟ್ಟಳು.

ಮದುವೆಗೆ ಮುಂಚೆ, ಪಕ್ಕದ ದ್ವೀಪದಲ್ಲಿ ಮೇಯಲು ಬಿಟ್ಟ ಕುರಿಗಳನ್ನು ಒಟ್ಟುಗೂಡಿಸಲು ಹೋಗುವಾಗ, ಅಪ್ಪನ ದೋಣಿಯ ಚುಕ್ಕಾಣಿ ಅವಳ ಕೈಯಲ್ಲೇ ಇರುತ್ತಿತ್ತು. ಮದುವೆಯಾದ ಮೇಲೆ ಮಗು, ಕಾರ್ಖಾನೆ, ಒಲೆ. ಸೂಲಾ ಹೋಗುವುದನ್ನೂ ಬರುವುದನ್ನೂ ಕಿಟಕಿಯಿಂದ ನೋಡಿ ನೋಡಿ ಅವಳಿಗೆ ದೋಣಿಯ ಪ್ರತಿ ಗೀರೂ ಗೊತ್ತಿತ್ತು. ಆದರೆ ಅದರಲ್ಲಿ ಕೂತು ಕರಿಕೋಡು ದಾಟಿದ್ದು ಇದೇ ಮೊದಲು.

ಕೋಡಿನ ಆಚೆ ಬೇರೆಯೇ ಸಮುದ್ರವಿತ್ತು. ಪೂರ್ವಕ್ಕೆ ಹರಿಯುವ ಉಬ್ಬರದ ಸೆಳೆತ ಗಾಳಿಗೆ ಎದುರಾಗಿ ನಿಂತಿತ್ತು. ಅಲ್ಲಿನ ಅಲೆಗಳು ಎಲ್ಲಿಗೂ ಹೋಗುತ್ತಿರಲಿಲ್ಲ. ನಿಂತಲ್ಲೇ ಎದ್ದು, ನಿಂತಲ್ಲೇ ಒಡೆದು, ಮತ್ತೆ ಅದೇ ಜಾಗದಲ್ಲಿ ಬೆಳ್ಳಗೆ ಏಳುತ್ತಿದ್ದವು. ಸದ್ದು ಮಾತ್ರ ನೆಲದೊಳಗಿನಿಂದ ಬಂದಂತಿತ್ತು. ನಿಕ್ಲಾಸ್ ಕೈ ಎತ್ತಿದ. ಹುಟ್ಟುಗಳು ನೀರಿನಿಂದ ಮೇಲೆದ್ದು ನಿಂತವು. ಹಿಂದಿನ ದೋಣಿಗಳೂ ನಿಂತವು. ಇನ್ನು ಸೆಳೆತ ತಿರುಗುವವರೆಗೆ ಕಾಯಬೇಕು. ಆಚೆ ದಡದ ಪಾದ್ರಿಗೂ ಇದು ಗೊತ್ತು. ಈ ಊರಿನ ಶವಕ್ಕೆ ಅವರು ಹೊತ್ತು ಗೊತ್ತು ಮಾಡುವುದಿಲ್ಲ.

ಬಂಡೆಯ ಮರೆಯಲ್ಲಿ ಸೂಲಾ ಮೆಲ್ಲಗೆ ಏರಿಳಿಯುತ್ತಿತ್ತು. ಮಾಲನ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಮುಂದಿನ ಸಾಲಿನಲ್ಲಿ ಹುಟ್ಟು ಹಿಡಿದಿದ್ದ ಪಕ್ಕದ ಮನೆಯ ಹಾನುಸ್ ಆ ಬಿಳಿ ನೀರನ್ನೇ ನೋಡುತ್ತ ತನ್ನಷ್ಟಕ್ಕೆ ನಕ್ಕ.

"ಇಲ್ಲೇ ಅಲ್ವಾ ಸೋಫುಸ್ ಅವರನ್ನೆಲ್ಲ ತಂದು ಕುಣಿಸ್ತಿದ್ದಿದ್ದು."

ನಿಕ್ಲಾಸ್ ಕೆಮ್ಮಿದ.

"ಯಾರನ್ನ?" ಮಾಲನ್ ಕೇಳಿದಳು.

ಹುಟ್ಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾರನ್ನ, ನಿಕ್ಲಾಸ್?"

"ದೋಣಿ ನೋಡೋಕೆ ಬಂದೋರನ್ನ, ಅತ್ತಿಗೆ."

"ಹೀಗೆ ನೀರು ಎದ್ದಿರುವಾಗ?"

"ಹೀಗೆ ಏಳೋ ದಿನ ನೋಡ್ಕೊಂಡೇ ಬರಹೇಳ್ತಿದ್ದ. ಅದೂ ಹೊಟ್ಟೆ ತುಂಬ ಉಂಡ ಮೇಲೆ." ನಿಕ್ಲಾಸ್ ಅವಳ ಮುಖ ನೋಡಲಿಲ್ಲ. "ಸೂಲಾಕ್ಕೆ ಏನೂ ಆಗಲ್ಲ, ಒಂದು ಬೊಗಸೆ ನೀರು ಒಳಗೆ ಬರಲ್ಲ. ಆದ್ರೆ ಕರುವಿನ ಹಾಗೆ ನೆಗೆಯುತ್ತೆ. ನಿಮಗೆ ಗೊತ್ತಿತ್ತು ಅಂದ್ಕೊಂಡಿದ್ವಿ. ಅಡುಗೆ ನೀವೇ ಮಾಡ್ತಿದ್ರಲ್ಲ."

"ಯಾರಿಗೆಲ್ಲ ಗೊತ್ತಿತ್ತು?"

"ಊರಿಗೆಲ್ಲ."

"ಬಾಯಿ ಮುಚ್ಕೊಂಡಿರೋ ಅಂದ್ರೆ," ಎಂದು ಹಿಂದಿನಿಂದ ಯಾರೋ ಹಾನುಸ್‌ನನ್ನು ಗದರಿದರು.

ಮಾಲನ್ ಪೆಟ್ಟಿಗೆಯ ಮೇಲಿಂದ ಕೈ ತೆಗೆದಳು. ಮೊದಲು ಬಂದದ್ದು ಸಿಟ್ಟು. ಕೈಬರಹದ ಆ ಚೀಟಿ, ಅವಳು ಕತ್ತರಿಸಿ ಜೋಡಿಸಿದ ಮಾಂಸದ ತಟ್ಟೆಗಳು, ಕಿಟಕಿಯ ಬಳಿ ಅವಳು ಕಾಯುತ್ತಿದ್ದ ಹೊತ್ತು, ಮಗಳಿಗೆ ಫೋನಿನಲ್ಲಿ ಹೇಳಿದ ಸಮಾಧಾನ, ಎಲ್ಲವೂ ಒಟ್ಟಿಗೆ ಎದ್ದವು. ಒಂದು ಸುಳ್ಳಾಡಲಾರದ ಮನುಷ್ಯ. ಆಡಿರಲೂ ಇಲ್ಲ. ಬನ್ನಿ ಎಂದಿದ್ದ, ಉಣ್ಣಿ ಎಂದಿದ್ದ, ಹೋಗೋಣ ಎಂದಿದ್ದ. ಉಳಿದದ್ದನ್ನು ಸಮುದ್ರದ ಬಾಯಲ್ಲಿ ಹೇಳಿಸಿದ್ದ. ನನಗೆ ಹೇಳಬಾರದಿತ್ತೇ ಎಂದು ಪೆಟ್ಟಿಗೆಯತ್ತ ತಿರುಗಿದಳು. ಹೇಳಿದ್ದರೆ ನಾನು ಏನೆನ್ನುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಸದ್ದು ಬದಲಾಯಿತು.

ಯಾರೋ ಒಳಗಿನಿಂದ ಕೈ ಹಿಡಿದೆಳೆದಂತೆ ಎದುರಿನ ಅಲೆಗಳು ಒಂದೊಂದಾಗಿ ಕೂತವು. ಬಿಳಿ ತೆಳುವಾಯಿತು, ಗೆರೆಯಾಯಿತು, ಇಲ್ಲವಾಯಿತು. ಈಗಷ್ಟೇ ಕುದಿಯುತ್ತಿದ್ದ ಜಾಗದಲ್ಲಿ, ದಡದಿಂದ ದಡದವರೆಗೆ, ಬೂದುಬಣ್ಣದ ಒಂದೇ ಒಂದು ನಯವಾದ ಹಾಸು. ಮೋಡಗಳು ಅದರೊಳಗೆ ಇಳಿದು ನಿಂತಿದ್ದವು. ಬಂಡೆಯ ಮೇಲಿನ ಹಕ್ಕಿಗಳೂ ಸುಮ್ಮನಾದಂತೆ ಅವಳಿಗೆ ಅನ್ನಿಸಿತು. ಗಂಡಸರು ಟೋಪಿ ತೆಗೆದರು. ನಿಕ್ಲಾಸ್ ತಲೆಯಾಡಿಸಿದ, ಹುಟ್ಟುಗಳು ಒಟ್ಟಿಗೆ ನೀರಿಗಿಳಿದವು.

ಆಗ ಕಾಲ ಕೆಳಗಿನ ಹಲಗೆ ಮಾಲನ್‌ಗೆ ತಿಳಿಯಿತು. ಬೆಳಿಗ್ಗೆ ತಾನೇ ಉಜ್ಜಿದ ಹಲಗೆ. ಅದು ತೆಳ್ಳಗಿತ್ತು, ಅದರ ಅಡಿಯಲ್ಲಿ ಇಡೀ ಕಡಲು ಮಗ್ಗುಲು ಬದಲಿಸುತ್ತಿರುವುದು ಚರ್ಮದಡಿಯ ಉಸಿರಿನ ಹಾಗೆ ಪಾದಕ್ಕೆ ಮುಟ್ಟುತ್ತಿತ್ತು. ಸೂಲಾ ನೀರನ್ನು ಸೀಳುತ್ತಿರಲಿಲ್ಲ, ಅದರ ಜೊತೆ ಬಾಗಿ ಬಾಗಿ ಹೋಗುತ್ತಿತ್ತು. ಅವನು ದಿನವೂ ಈ ಜಾಗಕ್ಕೆ ಬರುತ್ತಿದ್ದ. ದಿನವೂ ಇದನ್ನು ಪಾದದಲ್ಲಿ ಇಟ್ಟುಕೊಂಡು ಮನೆಗೆ ಬಂದು, ಬೂಟು ಕಳಚಿ, ಆಲೂಗಡ್ಡೆ ಸಿಪ್ಪೆ ಸುಲಿಯುತ್ತ ಕೂರುತ್ತಿದ್ದ. ಇದನ್ನು ಹೇಳುವ ಮಾತು ಅವನಲ್ಲಿ ಇರಲಿಲ್ಲ. ಅವಳಿಗೂ ಈಗ ಸಿಕ್ಕಲಿಲ್ಲ.

ಆಚೆ ದಡ ಮುಟ್ಟುವವರೆಗೆ ಅವಳು ಉಸಿರನ್ನು ಮೆಲ್ಲಗೆ ಬಿಡುತ್ತಿದ್ದಳು, ಜೋರಾದರೆ ಏನೋ ಕದಡುವುದೆಂಬಂತೆ.

*

ಮಣ್ಣು ಮುಚ್ಚಿ, ಸ್ತೋತ್ರ ಹಾಡಿ ಮುಗಿದ ಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೂಪು, ಕಾಫಿ. ಹುಟ್ಟು ಹಾಕಿದವರು ಬೇಗ ಉಂಡು ಪೈಪು ಸೇದಲು ಹೊರಗೆ ಹೋಗಿದ್ದರು. ಪೇಟೆಯಲ್ಲಿ ಪೀಠೋಪಕರಣದ ಅಂಗಡಿ ಇಟ್ಟಿರುವ ಐಲಿಫ್, ತನ್ನ ಕಪ್ಪು ಹಿಡಿದುಕೊಂಡು ಬಂದು ಮಾಲನ್‌ಳ ಎದುರು ಕೂತ. ಅವಳ ಪಕ್ಕದಲ್ಲಿ ಬಿರ್ಟಾ ಮಾತ್ರ ಇದ್ದಳು.

"ಒಳ್ಳೆ ಮನುಷ್ಯ. ಒಂದು ಮಾತು ಹೆಚ್ಚು ಆಡ್ತಿರಲಿಲ್ಲ," ಎಂದ ಐಲಿಫ್.

"ಹೌದು."

"ನಿಮ್ಮ ಊಟ ನಾನಿನ್ನೂ ಮರೆತಿಲ್ಲ. ಮೇಜಿನ ಮೇಲೆ ಎಷ್ಟು ರುಚಿಯಾಗಿತ್ತೋ, ಕರಿಕೋಡಿನ ಹತ್ರ ಅಷ್ಟನ್ನೂ ಹಕ್ಕಿಗಳಿಗೆ ಬಡಿಸಿಬಂದೆ."

ಬಿರ್ಟಾ ನಕ್ಕಳು. ಮಾಲನ್ ಕಪ್ಪಿನ ಹಿಡಿ ತಿರುಗಿಸಿದಳು.

"ದೋಣಿ ಕಟ್ಟಿರೋದೇ ಸರಿಯಿಲ್ಲ ಅಂದ್ಕೊಂಡಿದ್ದೆ. ಇವತ್ತು ದಡದಲ್ಲಿ ನಿಂತು ನೋಡಿದೆ," ಐಲಿಫ್ ಮುಂದೆ ಬಾಗಿದ. "ಅಷ್ಟು ಭಾರ ಹೊತ್ಕೊಂಡು, ತುಂಬಿದ ಬಟ್ಟಲು ತುಳುಕದ ಹಾಗೆ ಬಂತು. ಈ ಹೊತ್ತಲ್ಲಿ ಕೇಳಬಾರದು, ಆದ್ರೂ... ಇನ್ನೂ ಮಾರೋದಿದೆಯಾ?"

"ಇದೆ," ಎಂದಳು ಬಿರ್ಟಾ.

"ಹಾಗಾದ್ರೆ ನಾಳೆ ಬೆಳಿಗ್ಗೆ ಬರ್ಲಾ? ಒಂದು ಸುತ್ತು ಹೋಗಿ ಬಂದು ಮುಗಿಸಿಬಿಡೋಣ."

ಮಾಲನ್ ಕಿಟಕಿಯಾಚೆ ನೋಡಿದಳು. ಪಶ್ಚಿಮದ ಸೆಳೆತ ಆಗಲೇ ಶುರುವಾಗಿತ್ತು. ನಾಳೆ ಬೆಳಿಗ್ಗೆ ನೀರು ಮಲಗಿರುತ್ತದೆ. ಚಿಕ್ಕ ಮಗುವನ್ನೂ ಕೂರಿಸಿಕೊಂಡು ಹೋಗಬಹುದು. ಗುರುವಾರ ಹುಣ್ಣಿಮೆ, ಸೆಳೆತ ಅತಿ ಜೋರಿರುವ ದಿನ.

"ನಾಳೆ ಬೇಡ. ಮನೇಲಿ ಜನ ಇರ್ತಾರೆ," ಎಂದಳು. "ಗುರುವಾರ ಬನ್ನಿ. ಊಟ ಮುಗಿಸ್ಕೊಂಡೇ ಹೋಗೋಣ."

"ಅಯ್ಯೋ, ನಿಮಗೆ ತೊಂದರೆ."

"ಅಷ್ಟು ದೂರದಿಂದ ಬರ್ತೀರಿ. ಊಟ ಹಾಕದೆ ದೋಣಿ ತೋರಿಸೋದು ಚೆನ್ನಾಗಿರಲ್ಲ."

"ದೋಣಿ ಯಾರು ನಡೆಸ್ತಾರೆ?"

"ಯಾರಾದ್ರೂ ಇರ್ತಾರೆ."

ಮೇಜಿನಡಿಯಲ್ಲಿ ಬಿರ್ಟಾ ಅಮ್ಮನ ಕೈ ಹುಡುಕಿ ಹಿಡಿದು ಒತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು. ಒಂದು ಭಾರ ಇಳಿದವಳ ಹಾಗೆ ಕಾಣುತ್ತಿದ್ದಳು. ಮಾಲನ್ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

*

ಸಂಜೆಯಾದರೂ ಬೆಳಕು ಕುಂದಿರಲಿಲ್ಲ. ಬಿರ್ಟಾ ಮೇಲಿನ ಕೋಣೆಯಲ್ಲಿ ಅಮ್ಮನ ಬಟ್ಟೆಗಳನ್ನು ಕಪಾಟಿನಿಂದ ತೆಗೆದು ಹಾಸಿಗೆಯ ಮೇಲೆ ಗುಡ್ಡೆ ಹಾಕುತ್ತಿದ್ದಳು, ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು.

ಮಾಲನ್ ಹಿತ್ತಲಿನ ಒಣಗುಕೊಟ್ಟಿಗೆಗೆ ಹೋದಳು. ಗೋಡೆಯ ಹಲಗೆಗಳ ನಡುವೆ ಬೇಕೆಂದೇ ಬಿಟ್ಟ ಸಂದಿಗಳಿಂದ ಕಡಲ ಗಾಳಿ ಒಳಗೆ ಬಂದು, ತೂಗುಹಾಕಿದ ಕುರಿಯ ತೊಡೆಗಳನ್ನು ಅಲ್ಲಾಡಿಸುತ್ತಿತ್ತು. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲ್ಲಕ್ಕಿಂತ ಹೆಚ್ಚು ಕೊಬ್ಬಿದ್ದುದನ್ನು ಇಳಿಸಿ ಪಕ್ಕಕ್ಕಿಟ್ಟಳು.

"ಅಮ್ಮಾ," ಮೇಲಿನ ಕಿಟಕಿಯಿಂದ ಬಿರ್ಟಾ ಕೂಗಿದಳು, "ಈ ದಪ್ಪ ಸ್ವೆಟರು ಬೇಕಾ? ಅಲ್ಲಿ ಇಷ್ಟು ಚಳಿ ಇರಲ್ಲ."

"ಇರ್ಲಿ, ಈ ಕಡೆ ಎಸಿ."

ಬಾಗಿಲ ಹಿಂದಿನ ಮೊಳೆಯಲ್ಲಿ ಸೋಫುಸ್‌ನ ಹಳದಿ ಮಳೆಪ್ಯಾಂಟು ನೇತಾಡುತ್ತಿತ್ತು, ಮೊಣಕಾಲಿನಲ್ಲಿ ಇನ್ನೂ ಅವನ ಮಡಿಕೆ ಹಾಗೇ ಇತ್ತು. ಮಾಲನ್ ಬಾಗಿಲನ್ನು ಒಳಗಿನಿಂದ ಎಳೆದುಕೊಂಡಳು. ಕಪ್ಪು ಲಂಗವನ್ನು ಸೊಂಟಕ್ಕೆ ಸುತ್ತಿ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಅದರೊಳಗೆ ಇಳಿಸಿದಳು. ಉದ್ದವಾಯಿತು. ಬಗ್ಗಿ ಎರಡೂ ತುದಿಗಳನ್ನು ಒಂದೇ ಸಮ ಮಡಿಸಿ, ಗಾಳದ ದಾರದಿಂದ ಬಿಗಿಯಾಗಿ ಕಟ್ಟಿ, ಹಲ್ಲಿನಿಂದ ದಾರ ಕತ್ತರಿಸಿದಳು.