ಹಾಲವ್ವನ ಪೈಪು

ಸೋಪಿನ ಡಬ್ಬಿಗಾಗಿ ವಾಷಿಂಗ್ ಮಷಿನ್ನಿನ ಹಿಂದೆ ತಡಕಾಡುತ್ತಿದ್ದ ಶುಭಾಳ ಕೈಗೆ ಸುರುಳಿ ಸುತ್ತಿದ ಹಸಿರು ಪೈಪು ಸಿಕ್ಕಿತು. ನಲ್ಲಿಗೆ ಬಿಗಿಯಾಗಲೆಂದು ಒಂದು ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಒಳಗುಳಿದ ನೀರಿನಿಂದ ನೆಲ ಒದ್ದೆಯಾಗದಂತೆ ಎರಡೂ ತುದಿಗಳನ್ನು ಮೇಲಕ್ಕೆತ್ತಿ ಕಟ್ಟಿದ್ದ, ಗಂಡ ಅಭಿರಾಮ್. ಅವನನ್ನು ನಿನ್ನೆ ಮಧ್ಯಾಹ್ನ ಸುಟ್ಟು ಬಂದಿದ್ದರು.

"ಏನದು?" ಅತ್ತೆ ಸರಸ್ವತಿ ಕೇಳಿದರು.

"ಹಾಲವ್ವನ ಪೈಪು. ಕೊಟ್ಟು ಬರ್ತೀನಿ."

"ಸೂತಕದಲ್ಲಿ ಇನ್ನೊಬ್ಬರ ಮನೆಗಾ? ಹದಿಮೂರು ದಿನ ಕಳೀಲಿ."

ಬೆಳಗಿನ ಐದೂವರೆಯಾಗಿತ್ತು. ಜೋಗೇಶ್ವರಿಯಲ್ಲಿ ಹಾಲವ್ವನಿದ್ದ ಚಾಳಿನ ವಠಾರಕ್ಕೆ ನೀರು ಬರುವುದು ಆರಕ್ಕೆ, ಇಪ್ಪತ್ತೇ ನಿಮಿಷ.

"ಅಷ್ಟು ದಿನ ಅವರೇನು ಮಾಡಬೇಕು ಅತ್ತೆ?"

* * *

ಅಭಿರಾಮನ ಸಂಸ್ಥೆ ಪರದೇಶದ ದುಡ್ಡಿನಲ್ಲಿ ಚಾಳಿನ ಬಾಗಿಲಿಗೆ ನೀರು ಶುದ್ಧ ಮಾಡುವ ಮಷಿನ್ ಹಾಕಿಸಿತ್ತು. ಅದಕ್ಕೆ ನೀರಿನ ಲೈನ್ ಇರಲಿಲ್ಲ.

ಸೋಮವಾರ ದುಡ್ಡು ಕೊಟ್ಟವರು ನೋಡಲು ಬಂದರು. ಅವತ್ತು ಬೆಳಿಗ್ಗೆ ಚಾಳಿನವರೆಲ್ಲ ನಲ್ಲಿಯ ತಮ್ಮ ಪಾಳಿ ಬಿಟ್ಟುಕೊಟ್ಟರು. ಗಲ್ಲಿಯಲ್ಲಿ ಎಲ್ಲಕ್ಕಿಂತ ಉದ್ದದ ಪೈಪು ಹಾಲವ್ವನದು. ಅದರಿಂದ ಮಷಿನ್ನಿನ ಟ್ಯಾಂಕ್ ತುಂಬಿಸಿದರು. ಬಂದವರು ಒಂದೊಂದು ಲೋಟ ಕುಡಿದು ಚಪ್ಪಾಳೆ ತಟ್ಟಿದರು. ಹಾಲವ್ವ ಮನೆಗೆಲಸಕ್ಕೆ ಹೋಗಿದ್ದಳು, ಬಾಗಿಲಿಗೆ ಬೀಗ. ಅಭಿರಾಮ್ ಪೈಪನ್ನು ಮನೆಗೆ ತಂದ.

"ಸುಳ್ಳು ತೋರಿಸಿದ ಹಾಗಾಯ್ತಲ್ಲ," ಎಂದಳು ಶುಭಾ.

"ಲೈನ್ ಹಾಕಿಸಿ ಅಂತ ಮೂರು ವರ್ಷದಿಂದ ಬರೀತಿದೀನಿ. ಅದು ಸರ್ಕಾರದ ಕೆಲಸ, ನಮ್ಮ ದುಡ್ಡು ಮಷಿನಿಗೆ ಮಾತ್ರ ಅಂತಾರೆ ಅವರು. ಸರ್ಕಾರದವರು, ನಿಮಗೆ ಫಾರಿನ್ನೋರು ಕೊಟ್ಟಿದಾರಲ್ಲ ಅಂತಾರೆ." ಊಟ ಅರ್ಧಕ್ಕೆ ಬಿಟ್ಟೆದ್ದ. "ನಾಳೆ ಪೈಪು ಕೊಟ್ಟು, ನಿಜ ಬರೆದು ಕಳಿಸ್ತೀನಿ."

ಬೆಳಿಗ್ಗೆ ಎದೆನೋವೆಂದು ಕೂತವನು ಏಳಲಿಲ್ಲ.

* * *

ನಿನ್ನೆ ಬಿಲ್ಡಿಂಗಿನ ಕೆಳಗೆ, ಚಟ್ಟ ಕಟ್ಟುವಾಗ, ಅವನ ಆಫೀಸಿನ ವಸಿಷ್ಠ ಹತ್ತಿರ ಬಂದಿದ್ದ.

"ಅತ್ತಿಗೆ, ಫಾರಿನ್ನೋರು ಇನ್ನೂ ನಲವತ್ತು ಮಷಿನ್ ಸ್ಯಾಂಕ್ಷನ್ ಮಾಡಿದಾರೆ. ಎಲ್ಲದರ ಮೇಲೂ ಅಭಿರಾಮ್ ಹೆಸರು ಹಾಕಿಸ್ತಾರಂತೆ."

ಅವಳು ತಲೆಯಾಡಿಸಿದ್ದಳು. ಬೆನ್ನ ಹಿಂದೆ ಹಾಲವ್ವ, ಅವಳ ನೆರೆಯ ದಾನವ್ವ ನಿಂತಿದ್ದರು.

"ಕೇಳಲೇ, ಪೈಪ ಕೇಳ," ದಾನವ್ವ ಪಿಸುಗುಟ್ಟಿದಳು.

"ಬಾಯಿ ಮುಚ್ಚ. ಹೆಣಾ ಇಟ್ಕೊಂಡು ಕುಂತಾರ, ಪೈಪ ಕೇಳ್ತಾರೇನ?"

"ಕೊಡಾ ಹೊತ್ತು ಸೊಂಟಾ ಮುರಕೋ ಹಂಗಾರ. ಸತ್ತೋರಿಗಿ ನೀರ ಬಿಡಾಕ ಇಷ್ಟ ಮಂದಿ ಅದಾರ, ಇದ್ದೋರಿಗಿ ಯಾರೂ ಇಲ್ಲ."

ಆಗ ಅದು ಕಿವಿಗೆ ಬಿದ್ದಿತ್ತು, ಅಷ್ಟೆ.

* * *

ಶುಭಾ ಹೋದಾಗ ನೀರು ಬಂದಾಗಿತ್ತು. ಮಷಿನ್ನಿನ ಮೇಲೆ ಸೋಮವಾರದ ಹಾರ ಒಣಗಿತ್ತು. ಹಾಲವ್ವ ಎರಡನೆಯ ಕೊಡ ಸೊಂಟಕ್ಕೇರಿಸುತ್ತಿದ್ದಳು.

"ಅಯ್ಯ ಅಕ್ಕಾರ, ನೀವ್ಯಾಕ ಬಂದ್ರಿ? ಹೇಳಿ ಕಳಿಸಿದ್ರ ನಾನ ಬರ್ತಿದ್ದೆ."

"ಸೂತಕದ ಕೈಲೆ ನಳಾ ಮುಟ್ಟಬ್ಯಾಡ್ರಿ ಮತ್ತ," ಎಂದಳು ದಾನವ್ವ.

ಶುಭಾ ಪೈಪನ್ನು ಕಲ್ಲಿನ ಮೇಲಿಡಲು ಬಗ್ಗಿದಳು. ಹಾಲವ್ವ ಅದನ್ನು ಅವಳ ಕೈಯಿಂದಲೇ ತೆಗೆದುಕೊಂಡಳು.

"ನೀರಿಗಿ ಎಂಥಾ ಸೂತಕ? ನೀವ ಹಚ್ಚರಿ ಅಕ್ಕಾರ, ಲಗೂನ. ನೀರ ನಿಂತು ಹೊಕ್ಕೈತಿ."

ಶುಭಾ ಅಭಿರಾಮ್ ಕಟ್ಟಿದ್ದ ಗಂಟು ಬಿಚ್ಚಿ ಟ್ಯೂಬಿನ ತುದಿಯನ್ನು ನಲ್ಲಿಗೆ ಒತ್ತಿ ಹಿಡಿದಳು. ಪೈಪು ಕೆಮ್ಮಿತು. ಮೊದಲು ಬಂದದ್ದು ಸುರುಳಿಯೊಳಗೆ ನಿಂತಿದ್ದ ಸೋಮವಾರದ ನೀರು. ಅದನ್ನು ಮೋರಿಗೆ ಬಿಡಲು ಹೊರಟ ಹಾಲವ್ವ ಶುಭಾಳ ಮುಖ ನೋಡಿದಳು. ಪೈಪನ್ನು ತಿರುಗಿಸಿ, ತನ್ನ ಡ್ರಮ್ಮಿನೊಳಗೆ ಬಿಟ್ಟಳು.