ತಿಂಗಳು ಮೊದಲು

ಕಾರ್ಖಾನೆಯ ಆಫೀಸಿನಲ್ಲಿ ರಿಪೋರ್ಟು ತೆಗೆಯುವ ಪುಟ್ಟಿಗೆ ಆ ಬೆಳಿಗ್ಗೆ ತನ್ನ ಕೆಲಸದ ಬಗ್ಗೆ ತನಗೇ ಹೆಮ್ಮೆಯಾಗಿತ್ತು. ತಾರೀಖಿನಲ್ಲಿ ತಿಂಗಳು ಮೊದಲು ಬರಬೇಕು, ದಿನ ಆಮೇಲೆ ಎಂದು ಹೆಡ್ ಆಫೀಸಿನವರು ವಾರದಿಂದ ತಲೆ ತಿನ್ನುತ್ತಿದ್ದರು. ನಿನ್ನೆ ಸಂಜೆ ಡೇಟಾಬೇಸಿನಲ್ಲಿ ಒಂದೇ ಒಂದು ಸಾಲು ಬದಲಾಯಿಸಿದಳು, ಎಲ್ಲ ರಿಪೋರ್ಟುಗಳೂ ಹೊಸ ವೇಷ ಹಾಕಿಕೊಂಡವು. ಪೀಡೆ ತೊಲಗಿತು ಅಂದುಕೊಂಡು ಮನೆಗೆ ಹೋಗಿದ್ದಳು.

ಈಗ ಚಹಾ ಕುಡಿಯುತ್ತ ಟ್ಯಾಂಕುಗಳ ರಿಪೋರ್ಟಿನ ಮೇಲೆ ಸುಮ್ಮನೆ ಕಣ್ಣಾಡಿಸಿದಳು. ನಾಲ್ಕನೇ ಟ್ಯಾಂಕು, ವಿಷಗಾಳಿ ಪರೀಕ್ಷೆ ಆದ ದಿನ: 05/06. ಇವತ್ತು ಜೂನ್ ಐದು. ಪರೀಕ್ಷೆ ಮಾಡುವವನೋ ಈ ವಾರವೆಲ್ಲ ರಜೆ. ಹಾಗಾದರೆ ಇದು ಮೇ ಆರು. ತಿಂಗಳ ಹಿಂದಿನ ಪರೀಕ್ಷೆ ಇವತ್ತು ಬೆಳಿಗ್ಗೆ ಆದ ಹಾಗೆ ಕೂತಿದೆಯಲ್ಲ! ಟ್ಯಾಂಕಿನ ವಿಭಾಗದವರು ಮೊದಲಿನಿಂದಲೂ ದಿನವನ್ನೇ ಮುಂದೆ ಓದುವವರು. ಬದಲಾಗಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ದಿನ ಹನ್ನೆರಡು ದಾಟಿದ್ದರೆ ಓದಿದವರು ಯಾರಾದರೂ ಹದಿಮೂರನೇ ತಿಂಗಳು ಎಲ್ಲಿಂದ ಬಂತೆಂದು ತಡವರಿಸುತ್ತಿದ್ದರು. ಈ ಹಾಳು ಐದು, ಆರು ಹೇಗೆ ತಿರುಗಿಸಿದರೂ ಸರಿಯಾಗಿಯೇ ಕಾಣುತ್ತದೆ.

ನಾಲ್ಕನೇ ಟ್ಯಾಂಕಿಗೆ ಇಳಿದು ತೊಳೆಯುವ ಪಾಳಿ ಇವತ್ತು ಅವಳ ಅಣ್ಣನದು.

ಕೂಡಲೇ ಫೋನು ಹಚ್ಚಿದಳು. ವಿಭಾಗದ ಫೋನು ಬಡಿದುಕೊಂಡೇ ಬಡಿದುಕೊಂಡಿತು, ಎತ್ತುವವರಿಲ್ಲ. ಕಿಡಿ ಹಾರೀತೆಂದು ಅಲ್ಲಿಗೆ ಮೊಬೈಲು ಒಯ್ಯುವಂತಿಲ್ಲ. ಪುಟ್ಟಿ ಎದ್ದುಬಿದ್ದು ಓಡಿದಳು. ಬೆಳಿಗ್ಗೆಯಷ್ಟೇ ಅವನು ಅವಳ ಚಪ್ಪಲಿ ಬಚ್ಚಿಟ್ಟು ಗೋಳು ಹೊಯ್ದುಕೊಂಡಿದ್ದ, ಅವಳು ಸಿಟ್ಟಿನಲ್ಲಿ ಹೋಗಿಬರ್ತೀನಿ ಅಂತಲೂ ಹೇಳದೆ ಹೊರಟಿದ್ದಳು. ನಾನೇ ಕೊಂದೆ, ನಾನೇ ಕೊಂದೆ ಎಂದು ಬಾಯಿ ತನ್ನಷ್ಟಕ್ಕೆ ಅನ್ನುತ್ತಿತ್ತು. ಅಷ್ಟು ಹೆದರಿಕೆ ಅವಳಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

ಅಣ್ಣ ಟ್ಯಾಂಕಿನ ಬಾಯೊಳಗೆ ಒಂದು ಕಾಲಿಟ್ಟು, ತನ್ನ ಸೊಂಟದ ಹಗ್ಗ ಹಿಡಿದವನೊಡನೆ ಏನೋ ತಮಾಷೆ ಮಾಡುತ್ತಿದ್ದ. ಪುಟ್ಟಿ ಹೋಗಿ ಅವನ ತೋಳಿಗೆ ಜೋತುಬಿದ್ದಳು.

“ಇಳೀಬೇಡ ಅಣ್ಣಾ. ಆ ತಾರೀಖು ಇವತ್ತಿಂದಲ್ಲ, ಹೋದ ತಿಂಗಳದ್ದು.”

ಇದೇನು ಹುಡುಗಾಟ ಎಂದು ಅವನು ನಗಲು ಹೋದ. ಹಗ್ಗದವನು ಮಾತ್ರ ಗಾಳಿ ಅಳೆಯುವ ಮೀಟರನ್ನು ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ. ಅರ್ಧಕ್ಕೆ ಹೋಗುವಷ್ಟರಲ್ಲಿ ಅದು ಅರಚತೊಡಗಿತು.

ಅಣ್ಣ ಮೆಲ್ಲಗೆ ಕಾಲು ಹೊರಗೆಳೆದುಕೊಂಡು ಅಲ್ಲೇ ಕೂತ. ತಂಗಿಯ ಕಡೆ ತಿರುಗಿದ.

“ದಿನಾ ಮೀಟರ್ ಹಾಕಿ ನೋಡೇ ಇಳೀತೀನಿ ಕಣೇ,” ಅಂದ. “ಇವತ್ತು ನೋಡ್ಲಿಲ್ಲ. ರಿಪೋರ್ಟಲ್ಲಿ ಇವತ್ತಿನ ತಾರೀಖಿತ್ತು, ಕೆಳಗೆ ನಿನ್ನ ಹೆಸರಿತ್ತು.”