ಕೊನೆಗೆ ಬರುತ್ತಿದ್ದವಳು

ನಾವು ಈ ಊರಿಗೆ ಬಂದದ್ದು ನಮ್ಮವರ ಉಸಿರಿಗಾಗಿ. ಆಯುಷ್ಯವೆಲ್ಲ ಮರಗೆಲಸ ಮಾಡಿ, ಗರಗಸದ ಹೊಟ್ಟು ಕುಡಿದು ಕುಡಿದು, ಅವರ ಎದೆ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಧೂಳಿಲ್ಲದ ಕಡೆ ಹೋಗಿ, ದಿನಾ ನಡೆಯಿರಿ ಅಂದರು ಡಾಕ್ಟರು. ಗಂಟುಮೂಟೆ ಕಟ್ಟಿದೆವು. ಅವರು ಉಳಿ, ಬಾಚಿ ಮಾರಿ ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸ ಹಿಡಿದರು. ನನಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಸಿಕ್ಕಿತು. ಮನೆ ಮಾತ್ರ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅಗ್ಗವಾಗಿ ಸಿಕ್ಕಿದ್ದು ಅದೊಂದೇ.

ಆದರೆ ಯಾರಿಗೆ ಒಗ್ಗಬೇಕು ಅನ್ನುವುದು ಈ ಊರಿನ ಗಾಳಿಗೆ ಗೊತ್ತಿರಬೇಕಲ್ಲ! ಅದು ಒಗ್ಗಿದ್ದು ನನಗೆ.

ಬೆಳಿಗ್ಗೆ ಕೆರೆದಂಡೆಗೆ ಜೊತೆಯಾಗಿಯೇ ಹೋಗುತ್ತಿದ್ದೆವು. ಅವರದು ಬೆಂಚಿನಿಂದ ಬೆಂಚಿಗೆ ಪಯಣ. "ನೀನೊಂದು ಸುತ್ತು ಹೊಡ್ಕೊಂಡು ಬಾ, ನಾನಿಲ್ಲೇ ಇರ್ತೀನಿ" ಅನ್ನುವರು. ಹೋದೆ. ಸುತ್ತು ಎರಡಾಯಿತು, ನಡಿಗೆ ಓಟವಾಯಿತು. ಕೂತರೆ ಏಳಲಾರೆ ಅಂತ ಗೊಣಗುತ್ತಿದ್ದ ನನ್ನ ಮಂಡಿಗಳು ಅದು ಹೇಗೋ ಬಾಯಿ ಮುಚ್ಚಿಕೊಂಡವು. ಅಲ್ಲೇ ಗಂಟುಬಿದ್ದವರು ಪಿ.ಟಿ. ಮೇಡಂ. ರಿಟೈರಾದರೂ ಕೊರಳಿನ ಸೀಟಿ ಬಿಚ್ಚದ ಹೆಂಗಸು. "ಓಡೋದೇನೋ ಓಡ್ತೀರಿ, ಈಜಕ್ಕೆ ಬರುತ್ತಾ?" ಅಂದರು. ಬರಲ್ಲ ಅಂದೆ. "ಮುಳುಗಕ್ಕಂತೂ ಬರುತ್ತಲ್ಲ, ಅಲ್ಲಿಂದ ಶುರು ಮಾಡೋಣ."

ಹೀಗೆ ಟ್ರಯಥ್ಲಾನ್ ಅನ್ನುವ ಹುಚ್ಚು ನನ್ನ ತಲೆಗೇರಿತು. ಮೊದಲು ಈಜು, ಮೈ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಸೈಕಲ್ಲು, ಸೈಕಲ್ ಇಳಿದ ಕೂಡಲೇ ಓಟ. ಐವತ್ತು ದಾಟಿದ ಮೇಲೆ ನೀರಿನಲ್ಲಿ ಮೊದಲ ಸಲ ತೇಲಿದಾಗ ಹುಡುಗಿಯಂತೆ ಕೇಕೆ ಹಾಕಿದ್ದೆ. ಮರುಕ್ಷಣ ದಂಡೆಯ ಬೆಂಚು ಕಣ್ಣಿಗೆ ಬಿತ್ತು, ನಾಚಿಕೆಯಾಯಿತು. ಅವರಿಗೆಂದು ಬರೆದುಕೊಟ್ಟ ಔಷಧವನ್ನು ನಾನು ಕದ್ದು ಕುಡಿದ ಹಾಗಿತ್ತು.

ಮೊದಲ ಸ್ಪರ್ಧೆಯಲ್ಲಿ ನನ್ನ ವಯಸ್ಸಿನ ಹೆಂಗಸರಲ್ಲಿ ನಾನೇ ಮೊದಲು. ಪದಕವನ್ನು ಚೀಲದಲ್ಲಿಟ್ಟುಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಮನೆಗೆ ಬಂದರೆ, ಅವರು ಮೇಜಿಗೆ ಹಣೆ ಕೊಟ್ಟು ಕೆಮ್ಮುತ್ತಿದ್ದರು. ತಲೆಯೆತ್ತಿ, "ಏನಾಯ್ತೇ?" ಅಂದರು.

"ಕೊನೆಗೆ ಬಂದೆ ಕಣ್ರೀ."

ಯಾಕೆ ಹಾಗಂದೆನೋ, ಬಾಯಿಗೆ ಬಂತು. ಅವರ ಮುಖ ಅರಳಿತು. "ಬಿಡೇ, ಗಂಡ ಹೆಂಡ್ತಿ ಇಬ್ರೂ ಹಿಂದಿನ ಬೆಂಚು!" ಅಂತ ನಕ್ಕರು. ಈ ಊರಿಗೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದೇ ಇರಲಿಲ್ಲ. ಆ ನಗುವಿಗಾಗಿ ನಾನು ಪ್ರತಿ ಸಲವೂ ಕೊನೆಗೇ ಬರತೊಡಗಿದೆ. ಪದಕಗಳು ಅಂಗಡಿಯಲ್ಲಿ, ಒಡೆದ ಗಾಜಿನ ಡಬ್ಬಿಯ ಕೆಳಗೆ ಸೇರಿದವು. ನಾನೂ ನೋಡಕ್ಕೆ ಬರ್ಲಾ ಅಂತ ಅವರು ಕೇಳಿದರೆ, "ನನ್ನ ಮಾನ ಹೋಗೋದಕ್ಕೆ ಸಾಕ್ಷಿ ಬೇರೆ ಬೇಕಾ?" ಅನ್ನುತ್ತಿದ್ದೆ.

ಒಂದು ಸುಳ್ಳಿಗೆ ಹತ್ತು ಸುಳ್ಳಿನ ಕಾವಲು. ಕೊನೆಗೆ ಬರುವವಳು ಮೆಟ್ಟಿಲನ್ನು ಸಲೀಸಾಗಿ ಹತ್ತಬಾರದಲ್ಲ! ಪ್ರತಿ ತಿರುವಿನಲ್ಲೂ ಅವರ ಪಕ್ಕ ಕುಸಿದು ಕೂತು, ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದೆ. ಅವರದು ನಿಜದ್ದು, ನನ್ನದು ನಾಟಕದ್ದು. ನಾಟಕದ್ದೇ ಜೋರಾಗಿ ಕೇಳುತ್ತಿತ್ತು.

ಅತಿಯಾಯಿತು. ಒಂದು ಸಂಜೆ ಅವರು ನನ್ನ ಬೆನ್ನಿಗೆ ಕಿವಿಯಿಟ್ಟು ಆಲಿಸಿದರು. ಆಮೇಲೆ ಅವರಿಗೆ ಊಟ ಸೇರಲಿಲ್ಲ. ಬೆಳಗಾಗುತ್ತಲೇ, "ನಡಿ, ನನ್ನ ಡಾಕ್ಟರ ಹತ್ರ ಹೇಳಿಟ್ಟಿದೀನಿ. ನಿನ್ನ ಎದೆ ಪರೀಕ್ಷೆ ಆಗ್ಬೇಕು" ಅಂದರು.

"ನಂಗೇನಾಗಿದೆ?"

"ಇದು ನನ್ನಿಂದ್ಲೇ ಬಂದಿದ್ದು ಕಣೆ. ಹೊಟ್ಟು ಮೆತ್ತಿದ್ದ ನನ್ನ ಅಂಗಿ ಕೊಡವಿ ಒಗೀತಿದ್ದೋಳು ನೀನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು. ಇಲ್ಲಿ ಕದಿಯದವರೇ ಹೆಗಲು ಒರೆಸಿಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ನಿಜ ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಹೇಳಿದರೆ ಆ ಹಿಂದಿನ ಬೆಂಚಿನಲ್ಲಿ ಅವರೊಬ್ಬರೇ ಉಳಿಯುತ್ತಾರೆ ಅನ್ನುವ ಹೆದರಿಕೆ.

ಪರೀಕ್ಷೆ ಅಂದರೆ ಒಂದು ಕೊಳವೆಯೊಳಗೆ ಊದುವುದು. ಎಷ್ಟು ಊದಿದೆವೆಂದು ಪರದೆಯ ಮೇಲೆ ಗೆರೆ ಏಳುತ್ತದೆ. ನಾನು ಮೆಲ್ಲಗೆ ಊದಿದೆ. ಗೆರೆ ನೆಲ ಬಿಟ್ಟು ಏಳಲೇ ಇಲ್ಲ.

"ಇದೇನಮ್ಮಾ, ದೀಪ ಆರಿಸ್ತಿದೀರಾ?" ಅಂದಳು ಪರೀಕ್ಷೆ ಮಾಡುವವಳು. "ಜೋರಾಗಿ ಊದಿ."

ಗಂಡನ ಕಡೆ ನೋಡಿದೆ. ಬೆತ್ತ ಸೀಳಿ ಗೆರೆಗೆರೆಯಾದ ಬೆರಳುಗಳಿಂದ ಕುರ್ಚಿಯ ಕೈ ಹಿಡಿದು ಪರದೆಯನ್ನೇ ನೋಡುತ್ತಿದ್ದರು. "ನನ್ನಿಂದ್ಲೇ" ಅನ್ನುತ್ತಿದ್ದವು ಅವರ ತುಟಿಗಳು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಎದೆ ತುಂಬ ಗಾಳಿ ಎಳೆದುಕೊಂಡು ಊದಿದೆ. ಊದುತ್ತಲೇ ಇದ್ದೆ.

"ಅಬ್ಬಾ! ಈ ವಯಸ್ಸಲ್ಲಿ ಇಂಥ ಎದೆನಾ? ಏನ್ಮಾಡ್ತೀರಿ ನೀವು?" ಅಂದಳು ಆಕೆ.

ನಮ್ಮವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಗಟ್ಟಿಯಾಗಿ ಅತ್ತರು. "ಏನೂ ಇಲ್ವಂತೆ ಕಣೆ, ಏನೂ ಇಲ್ವಂತೆ" ಅಂತ ನನಗೇ ಸಮಾಧಾನ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ, ಔಷಧದ ಕಿಟಕಿಯ ಎದುರು ಕೂತ ಮೇಲೆ ಅವರಿಗೆ ಹೊಳೆಯಿತು. "ಮತ್ತೆ ಆ ಏದುಸಿರು?"

ಎಲ್ಲ ಹೇಳಿದೆ.

"ಹಾಗಾದ್ರೆ ಕೊನೆಗೆ ಬಂದೆ ಅಂತಿದ್ದಿದ್ದು?"

"ಮೊದಲು ಬರ್ತಿದ್ದೆ."

"ಎಲ್ಲಾ ಸಲಾನೂ?"

"ಒಂದ್ಸಲ ಎರಡನೇದು. ಸೈಕಲ್ ಚೈನು ಕಳಚಿತ್ತು."

ಅವರು ನಡುನಡುವೆ ನಿಂತು, ಉಸಿರು ಕೂಡಿಸಿಕೊಂಡು ಮಾತಾಡಿದರು. "ನಿನ್ನ ಜೊತೆ ಓಡಕ್ಕಾಗಲ್ಲ, ನಿಜ. ನಿಂತ್ಕೊಂಡು ಚಪ್ಪಾಳೆ ಹೊಡಿಯೋಕೂ ನನ್ನ ಕೈಲಾಗಲ್ಲ ಅಂತ ಯಾಕಂದ್ಕೊಂಡೆ?"